ಸೂಜಿಮೊನೆಯ ದಾರಿಗಳು

ಕಳೆದ ತಿಂಗಳು ಬಂಧುಗಳೊಬ್ಬರ ಮನೆಯ ಸಮಾರಂಭಕ್ಕೆ ಹೋಗಿದ್ದೆ. ಊಟ ಮುಗಿಸಿ ಜಗಲಿಯಲ್ಲಿ ಕುಳಿತಿದ್ದಾಗ ಬೀದಿನಾಯಿಗಳ ಹಾವಳಿಯ ಮಾತು ಬಂದಿತು. ಅಂಗಳಕ್ಕಿಳಿದು ಓಡುತ್ತಿದ್ದ ಮೊಮ್ಮಗನನ್ನು ಅಲ್ಲಿದ್ದ ಹಿರಿಯರೊಬ್ಬರು ಗದರಿಸಿದರು: "ಲೋ, ನಾಯಿ ಹತ್ತಿರ ಹೋಗಬೇಡ. ಕಚ್ಚಿದರೆ ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಚುಚ್ಚುತ್ತಾರೆ!" ಮಗು ಬೆದರಿ ಅಜ್ಜಿಯ ಸೆರಗಿನ ಹಿಂದೆ ಅಡಗಿಕೊಂಡಿತು. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಹೊಟ್ಟೆಗೆ ಚುಚ್ಚುವ ಆ ಸೂಜಿ ನಮ್ಮ ದೇಶದಿಂದ ನಿರ್ಗಮಿಸಿ 20 ವರ್ಷಗಳಿಗೂ ಮಿಕ್ಕಿ ಕಾಲವಾಯಿತು. ಅದರ ಭಯ ಮಾತ್ರ ಇನ್ನೂ ನಮ್ಮ ಜಗಲಿಗಳಲ್ಲಿ ವಾಸವಾಗಿದೆ. ಅಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಇದೇ ಮಾತನ್ನು ಒಂದು ಕಾಲದಲ್ಲಿ ತರಗತಿಯಲ್ಲಿ ನಿಂತು ನಾನೇ ಆಡಿದವನು. ಅದರಿಂದ ಏನಾಯಿತೆಂಬುದನ್ನು ಈ ಬರಹದ ಕೊನೆಯಲ್ಲಿ ನಿವೇದಿಸುತ್ತೇನೆ. ಅದಕ್ಕೆ ಮೊದಲು, ಅಂದು ತರಗತಿಯಲ್ಲಿ ಹೇಳಬೇಕಾಗಿದ್ದು ಹೇಳದೇ ಹೋದ ಪಾಠವನ್ನು ಇಂದು ಹೇಳುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಗಳು ಹಿಂದಿನ ಬೆಂಚಿನಲ್ಲಿ ಕುಳಿತಾದರೂ ಕೇಳಬೇಕಾಗಿ ವಿನಂತಿ.

ಮೊದಲು ಕಪ್ಪುಹಲಗೆಯ ಮೇಲೆ ಒಂದು ಚಿತ್ರ ಬರೆದುಕೊಳ್ಳೋಣ. ನಮ್ಮ ತೋಳನ್ನು ಅಡ್ಡಲಾಗಿ ಸೀಳಿ ನೋಡಿದರೆ ಮೇಲೆ ಚರ್ಮ, ಅದರ ಕೆಳಗೆ ಕೊಬ್ಬಿನ ತೆಳುವಾದ ಪದರ, ಅದಕ್ಕೂ ಕೆಳಗೆ ಮಾಂಸ ಅಥವಾ ಸ್ನಾಯು, ಇವುಗಳ ನಡುವೆ ಹರಿದಾಡುವ ರಕ್ತನಾಳಗಳು ಕಾಣುತ್ತವೆ. ಚುಚ್ಚುಮದ್ದಿನ ಮುಖ್ಯ ದಾರಿಗಳೂ ಈ ನಾಲ್ಕೇ. ಸೂಜಿಯನ್ನು ಬಹುಮಟ್ಟಿಗೆ ಮಲಗಿಸಿ ಚರ್ಮದ ಒಳಗೇ ಔಷಧವನ್ನು ನಿಲ್ಲಿಸುವುದು ಒಂದು; ಓರೆಯಾಗಿ ಹಿಡಿದು ಚರ್ಮದ ಅಡಿಗೆ ಬಿಡುವುದು ಎರಡು; ನೆಟ್ಟಗೆ ಹಿಡಿದು ಸ್ನಾಯುವಿಗೆ ಇಳಿಸುವುದು ಮೂರು; ರಕ್ತನಾಳದೊಳಕ್ಕೇ ಹರಿಸುವುದು ನಾಲ್ಕು. ಈ ನಾಲ್ಕನೆಯದನ್ನು ನಮ್ಮ ಜನ 'ನರಕ್ಕೆ ಇಂಜೆಕ್ಷನ್' ಎನ್ನುತ್ತಾರೆ. ಅದು ನರವಲ್ಲ, ಹೃದಯಕ್ಕೆ ರಕ್ತವನ್ನು ಹಿಂದಿರುಗಿಸುವ ಅಭಿಧಮನಿ. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಅರಿವಳಿಕೆ ಕೊಡುವಂಥ ಬೇರೆ ದಾರಿಗಳೂ ಇವೆ. ಅವು ಶಸ್ತ್ರಚಿಕಿತ್ಸೆಯ ಕೋಣೆಗೆ ಸೇರಿದವು.

ಈ ನಾಲ್ಕರಲ್ಲಿ ಯಾವುದು 'ಪವರ್' ಹೆಚ್ಚು ಎಂದು ಕೇಳುವವರುಂಟು. ಪ್ರಶ್ನೆಯೇ ಸರಿಯಲ್ಲ. ಔಷಧ ಎಲ್ಲಿಗೆ ತಲುಪಬೇಕು, ಎಷ್ಟು ಬೇಗ ತಲುಪಬೇಕು, ಎಷ್ಟು ಕಾಲ ನಿಲ್ಲಬೇಕು ಎಂಬುದಷ್ಟೇ ಪ್ರಶ್ನೆ. ಇಷ್ಟು ಸರಳವಾದ ಸಂಗತಿಯನ್ನು ಅರಿಯಲು ವೈದ್ಯಲೋಕಕ್ಕೆ ಸುಮಾರು 300 ವರ್ಷಗಳು ಬೇಕಾದವು.

ವಿಚಿತ್ರವೆಂದರೆ, ಅತ್ಯಂತ ಅಪಾಯಕರವಾದ ದಾರಿಯೇ ಮೊದಲು ತೆರೆದುಕೊಂಡಿತು. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನು ಕಟ್ಟಿದ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್, ಅದಕ್ಕೂ ಮುನ್ನ 1656ರಲ್ಲಿ, ಆಕ್ಸ್‌ಫರ್ಡಿನಲ್ಲಿ ರಾಬರ್ಟ್ ಬಾಯ್ಲ್ ಅವರೊಡನೆ ಸೇರಿ ನಾಯಿಯೊಂದರ ರಕ್ತನಾಳಕ್ಕೆ ಅಫೀಮನ್ನು ಹರಿಸಿ ನೋಡಿದರು. ಆಗ ಸಿರಿಂಜು ಎಲ್ಲಿತ್ತು? ಹಕ್ಕಿಯ ಗರಿಯ ಕೊಳವೆಯೇ ಸೂಜಿ, ಪ್ರಾಣಿಯ ಮೂತ್ರಕೋಶವೇ ಚೀಲ. ನಾಯಿ ಮಂಪರಾಯಿತು, ಆದರೆ ಬದುಕಿತು. ಬಾಯಿಯ ಮೂಲಕವಲ್ಲದೆ ನೇರವಾಗಿ ರಕ್ತಕ್ಕೆ ಸೇರಿದ ವಸ್ತುವೂ ದೇಹವನ್ನೆಲ್ಲ ವ್ಯಾಪಿಸಬಲ್ಲದೆಂಬುದು ಅಂದು ಕಣ್ಣಿಗೆ ಕಂಡಿತು. ರೋಗಾಣುಗಳ ಅರಿವಿಲ್ಲದ, ಶುದ್ಧಿಯ ಕಲ್ಪನೆಯಿಲ್ಲದ ಆ ಕಾಲದಲ್ಲಿ ಮನುಷ್ಯರ ಮೇಲಿನ ಪ್ರಯೋಗಗಳು ಫಲಿಸಲಿಲ್ಲ. ದಾರಿ ಬಹುಕಾಲ ಹೆಚ್ಚುಕಡಿಮೆ ಮುಚ್ಚಿಯೇ ಇತ್ತು.

ಅದನ್ನು ಮತ್ತೆ ತೆರೆದದ್ದು ಕಾಲರಾ. ಭಾರತದಿಂದ ಹೊರಟ ಈ ಮಾರಿ 1831ರಲ್ಲಿ ಬ್ರಿಟನ್ನನ್ನು ಮುಟ್ಟಿತು. ವಿಲಿಯಂ ಓ'ಶಾಗ್ನೆಸಿ ಎಂಬ ಯುವ ವೈದ್ಯರು ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದು ನೀರನ್ನೂ ಲವಣಗಳನ್ನೂ ಕಳೆದುಕೊಂಡು ಗಟ್ಟಿಯಾಗಿದೆ, ಕಳೆದದ್ದನ್ನು ರಕ್ತಕ್ಕೇ ಮರಳಿಸಬೇಕು ಎಂದು ಸೂಚಿಸಿದರು. ಸ್ಕಾಟ್ಲೆಂಡಿನ ಲೀತ್ ಬಂದರಿನ ವೈದ್ಯ ಥಾಮಸ್ ಲಾಟಾ 1832ರ ಮೇ ತಿಂಗಳಿನಲ್ಲಿ ಅದನ್ನು ಮಾಡಿಯೇ ತೋರಿಸಿದರು. ನಾಡಿ ಸಿಗದೆ ಮರಣಶಯ್ಯೆಯಲ್ಲಿದ್ದ ವೃದ್ಧೆಯೊಬ್ಬಳ ತೋಳಿನ ಅಭಿಧಮನಿಗೆ ಆರು ಪೈಂಟ್, ಎಂದರೆ ಮೂರು ಲೀಟರಿಗೂ ಮಿಕ್ಕಿ, ಉಪ್ಪುನೀರನ್ನು ಹರಿಸಿದಾಗ ಬಾಡಿದ್ದ ಮುಖ ತುಂಬಿಬಂದಿತು, ಕಣ್ಣು ಹೊಳೆಯಿತು, ನಾಡಿ ಮರಳಿತು. ಆದರೆ ಭೇದಿ ಮರುಕಳಿಸಿತು, ಉಪ್ಪುನೀರು ಮತ್ತೆ ಹರಿಯಲಿಲ್ಲ, ಆಕೆ ತೀರಿಕೊಂಡಳು. ಮುಂದಿನ ರೋಗಿಗಳಲ್ಲಿ ಕೆಲವರನ್ನು ಲಾಟಾ ಉಳಿಸಿಕೊಂಡರು. ಮರುವರ್ಷವೇ ಅವರೂ ತೀರಿಕೊಂಡರು, ವಿಧಾನವೂ ಮರೆಯಾಯಿತು. ಓ'ಶಾಗ್ನೆಸಿಯವರು ಕಂಪನಿಯ ಸೇವೆಗೆ ಸೇರಿ ಕಲ್ಕತ್ತೆಗೆ ಬಂದರು. ಭಾರತದಲ್ಲಿ ತಂತಿ ಮಾರ್ಗವನ್ನು ಹಾಕಿಸಿದವರೂ ಅವರೇ! ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅದೇ ಕಲ್ಕತ್ತೆಯಲ್ಲಿ ಲಿಯೊನಾರ್ಡ್ ರೋಜರ್ಸ್ ಈ ಚಿಕಿತ್ಸೆಯನ್ನು ಸುಧಾರಿಸಿ ಕಾಲರಾ ಸಾವುಗಳನ್ನು ಗಣನೀಯವಾಗಿ ತಗ್ಗಿಸಿದರು. ಇಂದು ನಾವು 'ಗ್ಲೂಕೋಸ್ ಹಾಕಿಸಿಕೊಂಡೆ' ಎಂದು ಹಗುರವಾಗಿ ಹೇಳುವ ಮಾತಿನ ಹಿಂದೆ ಇಷ್ಟು ಕಥೆಯಿದೆ.

ರಕ್ತನಾಳದ ದಾರಿಯ ಗುಣವೂ ದೋಷವೂ ಒಂದೇ: ವೇಗ. ಔಷಧ ಕ್ಷಣಗಳಲ್ಲಿ ಹೃದಯವನ್ನು ಸೇರುತ್ತದೆ. ತಪ್ಪಾದರೆ ಹಿಂತೆಗೆದುಕೊಳ್ಳುವ ಅವಕಾಶವಿಲ್ಲ. ಆದುದರಿಂದಲೇ ಅದು ಪ್ರಾಣ ಉಳಿಸಬೇಕಾದ ಹೊತ್ತಿನ ದಾರಿಯೇ ಹೊರತು ಸುಸ್ತು ಕಳೆಯುವ ದಾರಿಯಲ್ಲ.

ಎರಡನೆಯದು, ಚರ್ಮದ ಅಡಿಯ ದಾರಿ. 1844ರಲ್ಲಿ ಡಬ್ಲಿನ್ನಿನ ಮೀತ್ ಆಸ್ಪತ್ರೆಯಲ್ಲಿ ಫ್ರಾನ್ಸಿಸ್ ರಿಂಡ್ ಎಂಬ ಶಸ್ತ್ರವೈದ್ಯರು ಮುಖದ ನರಶೂಲೆಯಿಂದ ನರಳುತ್ತಿದ್ದ ಹೆಂಗಸೊಬ್ಬಳ ಚರ್ಮದ ಕೆಳಗೆ ಟೊಳ್ಳು ಸಲಾಕೆಯೊಂದರಿಂದ ಮಾರ್ಫಿನ್ ದ್ರಾವಣವನ್ನು ಇಳಿಬಿಟ್ಟರು. ಅದಕ್ಕೆ ಒತ್ತುವ ಕಡ್ಡಿ ಇರಲಿಲ್ಲ. ದ್ರಾವಣ ತನ್ನ ಭಾರಕ್ಕೆ ತಾನೇ ಇಳಿಯಬೇಕಿತ್ತು. 1853ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಚಾರ್ಲ್ಸ್ ಪ್ರಾವಾಜ್ ತಿರುಪಿನ ಕಡ್ಡಿಯುಳ್ಳ ಬೆಳ್ಳಿಯ ಸಿರಿಂಜನ್ನು ಮಾಡಿಸಿದರು. ಅದೇ ಕಾಲಕ್ಕೆ ಎಡಿನ್‌ಬರೋದ ಅಲೆಗ್ಸಾಂಡರ್ ವುಡ್ ಗಾಜಿನ ಸಿರಿಂಜಿನಿಂದ ವೃದ್ಧೆಯೊಬ್ಬಳ ಭುಜದ ನೋವಿಗೆ ಮಾರ್ಫಿನ್ ಚುಚ್ಚಿದರು. ನೋವಿರುವ ನರದ ಬಳಿಯೇ ಚುಚ್ಚಿದರೆ ಮಾತ್ರ ನೋವು ಹೋಗುವುದೆಂದು ವುಡ್ ಭಾವಿಸಿದ್ದರು.

ಈ ನಂಬಿಕೆಯನ್ನು ಮುರಿದವರು ಲಂಡನ್ನಿನ ಚಾರ್ಲ್ಸ್ ಹಂಟರ್. ಒಂದೇ ಜಾಗದಲ್ಲಿ ಪದೇ ಪದೇ ಚುಚ್ಚಿದ್ದರಿಂದ ರೋಗಿಗೆ ಕೀವುಗುಳ್ಳೆಗಳಾದವು. ವಿಧಿಯಿಲ್ಲದೆ ಹಂಟರ್ ಬೇರೆ ಜಾಗದಲ್ಲಿ ಚುಚ್ಚಿದರು. ಆಶ್ಚರ್ಯವೆಂಬಂತೆ ನೋವು ಅಷ್ಟೇ ಶಮನವಾಯಿತು! ಔಷಧವನ್ನು ಚುಚ್ಚಿದ ಜಾಗ ಯಾವುದಾದರೂ ರಕ್ತವು ಅದನ್ನು ಹೀರಿಕೊಂಡು ದೇಹವೆಲ್ಲಕ್ಕೂ ಹಂಚುತ್ತದೆಂಬುದನ್ನು ಅವರು 1858ರ ಸುಮಾರಿಗೆ ಸಾರಿದರು. ಚರ್ಮದಡಿಯ ಸೂಜಿಗೆ ಹೈಪೋಡರ್ಮಿಕ್ ಎಂಬ ಹೆಸರಿಟ್ಟವರೂ ಅವರೇ. ಒಂದು ಭ್ರಮೆ ಹೋಯಿತು, ಇನ್ನೊಂದು ಬಂದಿತು. ಮಾರ್ಫಿನ್ ಹೊಟ್ಟೆಯ ಮೂಲಕ ಹೋಗದಿದ್ದರೆ ಚಟ ಹಿಡಿಯುವುದಿಲ್ಲವೆಂದು ಹಲವರು ನಂಬಿದರು. ಚಟ ಮತ್ತಷ್ಟು ಬಿಗಿಯಾಗಿಯೇ ಹಿಡಿಯಿತು. ಕ್ಲಿಫರ್ಡ್ ಆಲ್ಬಟ್ ಎಂಬ ವೈದ್ಯರು 1870ರಲ್ಲಿಯೇ ಇದರ ವಿರುದ್ಧ ಎಚ್ಚರಿಸಿದ್ದರು.

ನಮ್ಮ ನಾಡಿಗೂ ಸೂಜಿ ದೊಡ್ಡ ರೀತಿಯಲ್ಲಿ ಬಂದದ್ದು ಈ ದಾರಿಯಲ್ಲೇ. ವಾಲ್ಡೆಮರ್ ಹಾಫ್ಕಿನ್ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ತಯಾರಿಸಿ 1897ರ ಜನವರಿ 10ರಂದು ಮೊದಲು ತಮ್ಮ ದೇಹಕ್ಕೇ ಚುಚ್ಚಿಸಿಕೊಂಡರು. ಮರುವರ್ಷ ಪ್ಲೇಗು ಹುಬ್ಬಳ್ಳಿಯನ್ನು ಹೊಕ್ಕಾಗ ಅಲ್ಲಿ ಸಾವಿರಾರು ಜನ ಈ ಲಸಿಕೆಯನ್ನು ಹಾಕಿಸಿಕೊಂಡರು. ನಮ್ಮ ಅಜ್ಜಿಯರ ಬಾಯಲ್ಲಿದ್ದ 'ಇನಾಕ್ಯುಲೇಷನ್' ಎಂಬ ಪದ ಆ ದಿನಗಳದು. ಆದರೆ 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿಗೆ ಬಲಿಯಾದರು. ಹಾಫ್ಕಿನ್ ಅವರನ್ನು ಹುದ್ದೆಯಿಂದ ತೆಗೆಯಲಾಯಿತು. ಸೀಸೆಯ ಬಿರಡೆ ತೆಗೆಯಲು ಬಳಸಿದ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿ ಮಾಡಿರಲಿಲ್ಲ ಎಂಬ ಸಂಗತಿಗೆ ಮನ್ನಣೆ ದೊರೆತು ಅವರು ದೋಷಮುಕ್ತರಾಗಲು 1907 ಬರಬೇಕಾಯಿತು. ಲಸಿಕೆಯೂ ಸರಿಯಿತ್ತು, ದಾರಿಯೂ ಸರಿಯಿತ್ತು. ನೆಲಕ್ಕೆ ಬಿದ್ದ ಒಂದು ಚಿಮಟ 19 ಜೀವಗಳನ್ನು ನುಂಗಿತು.

ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಕೂಡ ಚರ್ಮದಡಿಯ ದಾರಿಯದೇ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕ ಅದರಿಂದ ಸಾವಿನ ಬಾಗಿಲಿನಿಂದ ಮರಳಿದನು. ಇನ್ಸುಲಿನ್ ಒಂದು ಪ್ರೋಟೀನು. ನುಂಗಿದರೆ ಬೇಳೆಕಾಳಿನಂತೆ ಜೀರ್ಣವಾಗಿಹೋಗುತ್ತದೆ. ರಕ್ತನಾಳಕ್ಕೆ ಕೊಟ್ಟರೆ ಬೇಗ ತೀರಿಹೋಗುತ್ತದೆ. ಚರ್ಮದಡಿಯ ಕೊಬ್ಬಿನಲ್ಲಿ ರಕ್ತಸಂಚಾರ ಮಿತವಾದ್ದರಿಂದ ಅಲ್ಲಿಂದ ಅದು ನಿಧಾನವಾಗಿ ಜಿನುಗುತ್ತದೆ. ಇಲ್ಲಿ ನಿಧಾನವೇ ಗುಣ.

ಮೂರನೆಯದು ಸ್ನಾಯುವಿನ ದಾರಿ. ಸ್ನಾಯುವಿನಲ್ಲಿ ರಕ್ತಸಂಚಾರ ಹೆಚ್ಚು. ಔಷಧವನ್ನು ಅದು ಚರ್ಮದಡಿಗಿಂತ ಬೇಗ ಹೀರಬಲ್ಲದು, ಹೆಚ್ಚು ಪ್ರಮಾಣವನ್ನೂ ಹಿಡಿಸಿಕೊಳ್ಳಬಲ್ಲದು. ವಿಪರೀತ ಅಲರ್ಜಿಯಿಂದ ಉಸಿರು ಕಟ್ಟುತ್ತಿರುವವರಿಗೆ ಅಡ್ರಿನಲಿನ್ ಅನ್ನು ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುವುದು ಇದಕ್ಕಾಗಿಯೇ. ಸುಲಭವಾಗಿ ಕರಗದ ಔಷಧವಾದರೆ ಅದೇ ಸ್ನಾಯು ಕಣಜವೂ ಆಗುತ್ತದೆ. 1940ರ ದಶಕದಲ್ಲಿ ಪೆನಿಸಿಲಿನ್ನನ್ನು ಕೆಲವೇ ಗಂಟೆಗಳಿಗೊಮ್ಮೆ, ರಾತ್ರಿಯೂ ಎಬ್ಬಿಸಿ, ಚುಚ್ಚಬೇಕಾಗಿತ್ತು. 1950ರ ದಶಕದಲ್ಲಿ ಬಂದ ಬೆಂಜಥೀನ್ ಪೆನಿಸಿಲಿನ್ ಸ್ನಾಯುವಿನಲ್ಲಿ ಕುಳಿತು ಮೂರು ನಾಲ್ಕು ವಾರ ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಸೇರುತ್ತದೆ. ಕೀಲುವಾತದ ಜ್ವರದಿಂದ ಹೃದಯದ ಕವಾಟ ಕೆಡುವ ಭಯವಿರುವ ಮಕ್ಕಳಿಗೆ ಇದು ವರವಾಯಿತು. ಮೂರು ವಾರಕ್ಕೊಮ್ಮೆ ತಪ್ಪದೆ ರಜಾಚೀಟಿ ತರುತ್ತಿದ್ದ ಒಂದಿಬ್ಬರು ಮಕ್ಕಳು ನನ್ನ ತರಗತಿಯಲ್ಲೂ ಇದ್ದರು.

ಈ ದಾರಿಯ ಅಪಾಯವೆಂದರೆ ಆಯಕಟ್ಟು ತಪ್ಪುವುದು. ನಾವು ಮರ್ಯಾದೆಗಾಗಿ 'ಸೊಂಟಕ್ಕೆ' ಎನ್ನುವ ಇಂಜೆಕ್ಷನ್ನು ನಿಜವಾಗಿ ಪೃಷ್ಠದ ಸ್ನಾಯುವಿಗೆ. ಅಲ್ಲಿ ಕಾಲಿಗೆ ಹೋಗುವ ದಪ್ಪ ನರವೊಂದು ಹಾದುಹೋಗಿದೆ. ಸೂಜಿ ಅದಕ್ಕೆ ತಗುಲಿದರೆ ಮಗು ಕುಂಟಾಗಬಹುದು. ಆದಕಾರಣ ಹಸುಳೆಗಳ ಲಸಿಕೆಗಳನ್ನು ಈಗ ತೊಡೆಗೆ ಹಾಕುತ್ತಾರೆ. ಪೋಲಿಯೋ ಹಾವಳಿಯಿದ್ದ ಕಾಲದಲ್ಲಿ, ಆ ವೈರಾಣು ಹೊಕ್ಕು ಜ್ವರ ಬಂದಿದ್ದ ಮಗುವಿಗೆ ಸ್ನಾಯುವಿನ ಇಂಜೆಕ್ಷನ್ ಚುಚ್ಚಿದರೆ ಅಂಗಹೀನತೆಯ ಸಂಭವವೇ ಹೆಚ್ಚುತ್ತಿತ್ತು. ಜ್ವರವೆಂದರೆ ಸೂಜಿ ಎಂಬ ನಮ್ಮ ಅವಸರಕ್ಕೆ ಎಷ್ಟು ಕಾಲುಗಳು ಬೆಲೆ ತೆತ್ತವೋ!

ನಾಲ್ಕನೆಯದು ಚರ್ಮದ ಒಳಗಿನ ದಾರಿ. ಕಂಡರೆ ಅತ್ಯಲ್ಪ, ಗುಣದಲ್ಲಿ ಸೂಕ್ಷ್ಮ. ಸಿಡುಬಿಗೆ 'ದೇವಿ ಹಾಕುವುದು' ಚರ್ಮವನ್ನು ಗೀರಿ ಮಾಡುತ್ತಿದ್ದ ಕೆಲಸ. ಜೆನ್ನರ್ ಅವರ ಲಸಿಕೆ 1802ರಲ್ಲಿ ಮುಂಬಯಿಗೆ ಬಂದಿಳಿಯಿತು. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ಮೈಸೂರು ರಾಣಿಯರ ತೈಲಚಿತ್ರವೊಂದಿದೆ. ಅದರಲ್ಲಿ ರಾಣಿಯೊಬ್ಬರು ಸೀರೆಯನ್ನು ತುಸು ಸರಿಸಿ ತೋಳನ್ನು ತೋರುತ್ತಿರುವುದು ಲಸಿಕೆಯ ಜಾಗವನ್ನೇ, ಪ್ರಜೆಗಳಿಗೆ ಧೈರ್ಯ ತುಂಬಲೆಂದೇ, ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅಭಿಪ್ರಾಯಪಟ್ಟಿದ್ದಾರೆ. ಚರ್ಮದಲ್ಲಿ ರೋಗನಿರೋಧಕ ಕಣಗಳು ಪಹರೆಯವರಂತೆ ದಟ್ಟವಾಗಿ ನೆಲೆಸಿವೆ. ಅಲ್ಲಿ ಒಂದು ಹನಿ ಲಸಿಕೆಯನ್ನು ನಿಲ್ಲಿಸಿದರೆ ಆ ಪಹರೆಯೆಲ್ಲ ಎಚ್ಚರಗೊಳ್ಳುತ್ತದೆ. ಚಾರ್ಲ್ಸ್ ಮಾಂಟೂ 1908ರಲ್ಲಿ ಪ್ರಕಟಿಸಿದ ಕ್ಷಯರೋಗದ ಪರೀಕ್ಷೆಯೂ, ನಮ್ಮ ತೋಳುಗಳ ಮೇಲೆ ಗುರುತುಳಿಸಿರುವ ಬಿಸಿಜಿಯೂ ಈ ದಾರಿಯವು. ಬಿಸಿಜಿಯನ್ನು 1921ರಲ್ಲಿ ಮೊದಲು ಕೊಟ್ಟದ್ದು ಬಾಯಿಯ ಮೂಲಕ. ಚರ್ಮಕ್ಕೆ ಬಂದದ್ದು ಅನಂತರ.

ಈಗ ನಾಯಿಕಡಿತಕ್ಕೆ ಬರೋಣ. ಈ ಒಂದು ಲಸಿಕೆಯೇ ಮೂರು ದಾರಿಗಳಲ್ಲಿ ನಡೆದು ಬಂದಿದೆ. 1885ರ ಜುಲೈ 6ರಂದು ಲೂಯಿ ಪಾಶ್ಚರ್ ಅವರು ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಲಸಿಕೆ ಕೊಡಿಸಿದ್ದು ಹೊಟ್ಟೆಯ ಭಾಗದ ಚರ್ಮದಡಿಗೆ. ಒಟ್ಟು 13 ಬಾರಿ. ಭಾರತದಲ್ಲಿ ಡೇವಿಡ್ ಸೆಂಪಲ್ 1911ರಲ್ಲಿ ಕಸೌಲಿಯಲ್ಲಿ ಪ್ರಾಣಿಯ ಮಿದುಳಿನಿಂದ ನಿರ್ಜೀವ ವೈರಾಣುವಿನ ಲಸಿಕೆಯನ್ನು ರೂಪಿಸಿದರು. ದಕ್ಷಿಣದವರಿಗೆ 1907ರಲ್ಲಿ ತೆರೆದ ಕೂನೂರಿನ ಪಾಶ್ಚರ್ ಸಂಸ್ಥೆ ಆಸರೆಯಾಯಿತು. ಲಸಿಕೆಯ ಪ್ರಮಾಣ ಹೆಚ್ಚು, ದಿನದಿನವೂ ಚುಚ್ಚಬೇಕು. ಅಷ್ಟನ್ನು ಹಿಡಿಸಲು ಸಡಿಲವಾದ, ವಿಸ್ತಾರವಾದ ಚರ್ಮವಿರುವುದು ಹೊಟ್ಟೆಯ ಮೇಲೆಯೇ. 'ಹೊಟ್ಟೆಗೆ ಹದಿನಾಲ್ಕು' ಎಂಬುದರ ರಹಸ್ಯ ಇಷ್ಟೇ. ಸೂಜಿ ಹೊಟ್ಟೆಯೊಳಕ್ಕೆ ಹೋಗುತ್ತಿರಲಿಲ್ಲ, ಚರ್ಮದಡಿಯಲ್ಲೇ ನಿಲ್ಲುತ್ತಿತ್ತು. ಮಿದುಳಿನ ಅಂಶವಿದ್ದುದರಿಂದ ಅಪರೂಪಕ್ಕೆ ಪಾರ್ಶ್ವವಾಯುವಿನಂಥ ತೊಂದರೆಗಳಾಗುತ್ತಿದ್ದುದು ನಿಜ. ಆದರೂ ಲಕ್ಷಾಂತರ ಜೀವಗಳಿಗೆ ಅದೇ ಆಸರೆಯಾಗಿತ್ತು.

ಪ್ರಯೋಗಶಾಲೆಯ ಜೀವಕೋಶಗಳಲ್ಲಿ ಬೆಳೆಸಿದ ಶುದ್ಧ ಲಸಿಕೆಗಳು ಬಂದ ಮೇಲೆ ದಾರಿ ತೋಳಿನ ಸ್ನಾಯುವಿಗೆ ಬದಲಾಯಿತು. ಬಾರಿಗಳು ಐದಕ್ಕೆ ಇಳಿದವು. ಆದರೆ ಬೆಲೆ ಬಡವನ ಕೈಗೆ ಎಟುಕುವಂತಿರಲಿಲ್ಲ. ಆಗ ಥಾಯ್ಲೆಂಡಿನ ರೆಡ್‌ಕ್ರಾಸ್ ವೈದ್ಯರು ಚರ್ಮದೊಳಗಿನ ದಾರಿಯನ್ನು ನೆನೆದರು. ಪಹರೆಯವರು ಚರ್ಮದಲ್ಲೇ ಇರುವಾಗ ಇಡೀ ಸೀಸೆ ಏಕೆ ಬೇಕು? ಎರಡು ತೋಳುಗಳಿಗೂ 0.1 ಮಿಲಿಲೀಟರಿನಷ್ಟು, ಕಡಿತದ ಚಿಕಿತ್ಸೆ ಆರಂಭವಾದ ದಿನ, ಅನಂತರ 3, 7 ಮತ್ತು 28ನೆಯ ದಿನ. ಎಲ್ಲ ಸೇರಿ 0.8 ಮಿಲಿಲೀಟರು, ಒಂದು ಸಣ್ಣ ಚಮಚದ ಆರನೆಯ ಒಂದು ಪಾಲೂ ಆಗದು. ಭಾರತದಲ್ಲಿ ಕುರಿಮಿದುಳಿನ ಲಸಿಕೆ 2004ರ ಅಂತ್ಯಕ್ಕೆ ನಿಂತಿತು. 2006ರಲ್ಲಿ ಚರ್ಮದೊಳಗಿನ ವಿಧಾನಕ್ಕೆ ಒಪ್ಪಿಗೆ ದೊರೆಯಿತು. ರಕ್ತ ಬರುವಂತೆ ಕಚ್ಚಿದ್ದರೆ ಗಾಯದ ಸುತ್ತಲೂ, ಗಾಯದೊಳಕ್ಕೂ ಸಿದ್ಧ ಪ್ರತಿಕಾಯವಾದ ಇಮ್ಯುನೊಗ್ಲಾಬ್ಯುಲಿನ್ನನ್ನೂ ಕೊಡುತ್ತಾರೆ. ಶತ್ರು ನಿಂತ ಬಾಗಿಲಲ್ಲೇ ಅವನನ್ನು ತಡೆಯುವ ಉಪಾಯವದು.

ಸೂಜಿಯ ಭಯದಂತೆಯೇ ಸೂಜಿಯ ಭಕ್ತಿಯೂ ನಮ್ಮಲ್ಲುಂಟು. "ಮಾತ್ರೆ ಬೇಡಿ ಸ್ವಾಮಿ, ಒಂದು ಇಂಜೆಕ್ಷನ್ ಕೊಟ್ಟುಬಿಡಿ" ಎಂದು ಅಂಗಲಾಚುವವರನ್ನು ನೋಡಿದ್ದೇನೆ. ಈ ಶತಮಾನದ ಆರಂಭದಲ್ಲಿ ನಡೆದ ರಾಷ್ಟ್ರವ್ಯಾಪಿ ಅಧ್ಯಯನವೊಂದು ಭಾರತದಲ್ಲಿ ವರ್ಷಕ್ಕೆ ಸುಮಾರು 300 ಕೋಟಿ ಚುಚ್ಚುಮದ್ದುಗಳು ನಡೆಯುತ್ತವೆಂದೂ, ಅವುಗಳಲ್ಲಿ ಶೇಕಡಾ 63ರಷ್ಟು ಸುರಕ್ಷಿತವಲ್ಲವೆಂದೂ ಅಂದಾಜು ಮಾಡಿತು. ಮುಲ್ಕೋವಾಲಿನ ಚಿಮಟ ಇನ್ನೂ ನೆಲದ ಮೇಲೆಯೇ ಇತ್ತೆಂದಾಯಿತು. ಈ ಭಕ್ತಿಗೆ ಉತ್ತರವಾಗಿ ನಾನು 1971ನ್ನು ನೆನೆಯುತ್ತೇನೆ. ಬಾಂಗ್ಲಾ ಯುದ್ಧದ ನಿರಾಶ್ರಿತರು ಗಡಿಯ ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದರು. ಲಾಟಾ ತೋರಿದ ದಾರಿಯ ಸಲೈನ್ ಸೀಸೆಗಳು ಸಾಲದಾದವು. ಡಾ. ದಿಲೀಪ್ ಮಹಾಲನಬೀಸ್ ಅವರು ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸಿದರು. ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವು ಶೇಕಡಾ 4ಕ್ಕಿಂತ ಕೆಳಗಿಳಿಯಿತು. 140 ವರ್ಷಗಳ ಹುಡುಕಾಟದ ಕೊನೆಗೆ, ಎಚ್ಚರವಿದ್ದು ಕುಡಿಯಬಲ್ಲ ರೋಗಿಗೆ ಎಲ್ಲಕ್ಕಿಂತ ಒಳ್ಳೆಯ ದಾರಿ ಬಾಯಿಯೇ ಎಂದು ತಿಳಿಯಿತು.

ಇನ್ನು ನನ್ನ ನಿವೇದನೆ. 1970ರ ದಶಕದ ಕೊನೆಯ ಮಾತು. ಗದ್ದಲ ಮಾಡುವ ಮಕ್ಕಳನ್ನು "ನಿಮಗೆಲ್ಲ ಹೊಟ್ಟೆಗೆ ಹದಿನಾಲ್ಕು ಹಾಕಿಸುತ್ತೇನೆ ನೋಡಿ" ಎಂದು ಹೆದರಿಸುವುದು ನನಗೆ ಅಭ್ಯಾಸವಾಗಿತ್ತು. ಮಕ್ಕಳು ಗಪ್‌ಚಿಪ್ ಆಗುತ್ತಿದ್ದರು, ನನಗೆ ಹೆಮ್ಮೆ. ಒಂದು ದಿನ ಪ್ರಾರ್ಥನೆಯ ಸಾಲಿನಲ್ಲಿ ಏಳನೆಯ ತರಗತಿಯ ಹುಡುಗನೊಬ್ಬ ಕುಂಟುತ್ತಿದ್ದುದು ಕಂಡಿತು. ಕರೆದು ನೋಡಿದರೆ ಮೀನಖಂಡದ ಮೇಲೆ ಹಲ್ಲಿನ ಗುರುತು, ಅದರ ಮೇಲೆ ಸುಣ್ಣ, ಅರಿಸಿನ. ನಾಯಿ ಕಚ್ಚಿ ಆರು ದಿನಗಳಾಗಿದ್ದವು. ಮನೆಯಲ್ಲಿ ಮುಳ್ಳು ಚುಚ್ಚಿತೆಂದು ಹೇಳಿದ್ದನಂತೆ. ಏಕೋ ಹೇಳಲಿಲ್ಲ ಎಂದು ಕೇಳಿದೆ. ತಲೆ ತಗ್ಗಿಸಿ ಹೇಳಿದ: "ನೀವೇ ಹೇಳಿದ್ರಲ್ಲ ಸಾರ್, ಹೊಟ್ಟೆಗೆ ಹದಿನಾಲ್ಕು ಅಂತ."

ಅಂದೇ ಅವನ ತಂದೆಯೊಡನೆ ಬಸ್ಸು ಹತ್ತಿಸಿಕೊಂಡು ತಾಲ್ಲೂಕು ಕೇಂದ್ರಕ್ಕೆ ಹೋದೆ. 14 ದಿನವೂ ನಡೆಯಿತು. ಪ್ರತಿ ಸಂಜೆ ಅವನ ಮುಖ ನೋಡುವವರೆಗೆ ನನಗೆ ಅನ್ನ ಸೇರುತ್ತಿರಲಿಲ್ಲ. ಆ ನಾಯಿಗೆ ಹುಚ್ಚು ಹಿಡಿದಿತ್ತೋ ಇಲ್ಲವೋ, ಇಂದಿಗೂ ತಿಳಿಯದು. ಅದು ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ. ಹುಡುಗ ಬದುಕಿದ. ಈಗ ಅವನಿಗೂ ಮೊಮ್ಮಕ್ಕಳಿದ್ದಾರೆ. ಇದನ್ನು ಓದುತ್ತಿದ್ದರೆ ಅವನಿಗೆ ನೆನಪಾದೀತು. ಅಂದು ಅವನಲ್ಲಿ ಕ್ಷಮೆ ಕೇಳಲು ಮೇಷ್ಟರಿಕೆಯ ಬಿಗುಮಾನ ಅಡ್ಡ ಬಂದಿತು. ಇಂದು ಕೇಳುತ್ತಿದ್ದೇನೆ.

ಹುಚ್ಚುನಾಯಿ ರೋಗದ ಲಕ್ಷಣ ತಲೆದೋರಿತೆಂದರೆ ಮತ್ತೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಆದುದರಿಂದ ನಿಮ್ಮ ಮನೆಯ ಮಕ್ಕಳಿಗೆ ಹೀಗೆ ಹೇಳಿ: ನಾಯಿಯಾಗಲಿ ಬೆಕ್ಕಾಗಲಿ ಕಚ್ಚಿದರೆ, ಪರಚಿದರೆ, ಆ ಗಳಿಗೆಯಲ್ಲೇ ಬಂದು ತಿಳಿಸು, ಬೈಯುವುದಿಲ್ಲ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಕಾಲು ಗಂಟೆ ತೊಳೆಯಿರಿ. ಸುಣ್ಣ, ಖಾರದಪುಡಿ ಮೆತ್ತಬೇಡಿ. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ; ಹೇಳಿದ ದಿನಗಳನ್ನು ಒಂದೂ ತಪ್ಪಿಸಬೇಡಿ. ಲಸಿಕೆ ಈಗ ತೋಳಿಗೆ, ಹೊಟ್ಟೆಗಲ್ಲ.

ಜಗಲಿಯ ಮೇಲಿನ ಆ ಮಗುವನ್ನು ಅಂದು ಹೊರಡುವ ಮುನ್ನ ಹತ್ತಿರ ಕರೆದು ಇಷ್ಟನ್ನು ಅದರ ಭಾಷೆಯಲ್ಲಿ ಹೇಳಿ ಬಂದೆ. ಹಿರಿಯರು ಸ್ವಲ್ಪ ಮುಖ ಸಿಂಡರಿಸಿದರು. ಮಗು ಮಾತ್ರ ತನ್ನ ತೋಳನ್ನು ಮುಟ್ಟಿ ನೋಡಿಕೊಂಡು, "ಇಲ್ಲಿಗೇನಾ ತಾತ? ಅಷ್ಟೇನಾ?" ಎಂದಿತು. "ಅಷ್ಟೇ ಕಣಪ್ಪ" ಎಂದೆ.